ಕತಾರ್‌ನಲ್ಲಿ ಅಂಗವಿಕಲರ ನೇಮಕ: ಮಾಲೀಕರ ಕಾನೂನು ಹೊಣೆ

ಕತಾರ್‌ನಲ್ಲಿ ಅಂಗವಿಕಲರಿಗೆ ಕೆಲಸ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆಯಾದದ್ದು 2004ರಲ್ಲಿ. ಆ ವರ್ಷದ 2ನೇ ಕಾನೂನು ಸರ್ಕಾರಿ ಹುದ್ದೆಗಳಲ್ಲಿ ಶೇ. 2ರಷ್ಟನ್ನು ಅಂಗವಿಕಲರಿಗೆ ಮೀಸಲಿಟ್ಟಿತು. ಕನಿಷ್ಠ 25 ನೌಕರರಿರುವ ಖಾಸಗಿ ಸಂಸ್ಥೆಗಳಿಗೂ ಅದೇ ಪ್ರಮಾಣವನ್ನು ವಿಧಿಸಿತು. ದುಡಿಯುವವರಲ್ಲಿ ಹೆಚ್ಚಿನವರು ಹೊರದೇಶದವರೇ ಆಗಿರುವ ರಾಷ್ಟ್ರದಲ್ಲಿ ಈ ನಿಯಮ ಯಾರಿಗೆ ಎಷ್ಟು ದಕ್ಕಿತು ಎಂಬುದು ಇದರ ಇತಿಹಾಸದ ಮುಖ್ಯ ಪ್ರಶ್ನೆ. ಕರಾವಳಿ ಕರ್ನಾಟಕದ ಬಹಳಷ್ಟು ಕುಟುಂಬಗಳ ದುಡಿಮೆ ದೋಹಾದಲ್ಲಿ ಇರುವುದರಿಂದ ಕನ್ನಡಿಗರಿಗೂ ಇದು ಸಂಬಂಧಪಟ್ಟ ವಿಷಯ.

ಹಿನ್ನೆಲೆ

ತೈಲ ಸಿಗುವ ಮೊದಲು ಕತಾರ್ ಜನರ ಮುಖ್ಯ ಜೀವನೋಪಾಯ ಮುತ್ತಿನ ಬೇಟೆ. ಆಳಕ್ಕೆ ಮುಳುಗುವವರ ಕಿವಿ, ಕಣ್ಣು, ಶ್ವಾಸಕೋಶಗಳು ಹಾಳಾಗುವುದು ಸಾಮಾನ್ಯವಾಗಿತ್ತು. ದುಡಿಯಲಾರದವರನ್ನು ನೋಡಿಕೊಳ್ಳುವ ಭಾರ ಕುಟುಂಬ ಮತ್ತು ಬುಡಕಟ್ಟಿನ ಮೇಲಿತ್ತು. ದುಖಾನ್‌ನ ತೈಲ 1949ರಲ್ಲಿ ರಫ್ತಾಗತೊಡಗಿದ ಮೇಲೆ ಕೂಲಿ, ಕರಾರು, ಕಂಪನಿ ಎಂಬ ಹೊಸ ವ್ಯವಸ್ಥೆ ಬಂತು. 1962ರ ಕಾರ್ಮಿಕ ಕಾನೂನು ಅದಕ್ಕೊಂದು ಚೌಕಟ್ಟು ಕೊಟ್ಟಿತು.

ಯುರೋಪಿನಲ್ಲಿ ಆ ವೇಳೆಗಾಗಲೇ ನೇಮಕದ ಪ್ರಮಾಣ ನಿಗದಿ ಮಾಡುವ ಪದ್ಧತಿ ಬೇರೂರಿತ್ತು. ಮೊದಲ ಮಹಾಯುದ್ಧದ ಗಾಯಾಳು ಸೈನಿಕರಿಗಾಗಿ ಜರ್ಮನಿ ಅದನ್ನು ಆರಂಭಿಸಿತ್ತು. ಬ್ರಿಟನ್ 1944ರ ಕಾಯ್ದೆಯಡಿ, 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಶೇ. 3ರ ಪ್ರಮಾಣ ಗೊತ್ತುಪಡಿಸಿತು. 1971ರವರೆಗೆ ಕತಾರ್ ಬ್ರಿಟನ್ನಿನ ರಕ್ಷಣೆಯಲ್ಲಿದ್ದರೂ ಆ ನಿಯಮ ಕೊಲ್ಲಿಗೆ ಬರಲಿಲ್ಲ.

ಸ್ವತಂತ್ರ ಕತಾರ್ ಮೊದಲು ಕೊಟ್ಟದ್ದು ಮಾಸಾಶನ. 1995ರ 38ನೇ ಕಾನೂನಿನಂತೆ ವಿಧವೆಯರು, ಅನಾಥರು ಮೊದಲಾದವರ ಜೊತೆ ಅಂಗವಿಕಲರೂ ಸಾಮಾಜಿಕ ಭದ್ರತೆಯ ವ್ಯಾಪ್ತಿಗೆ ಬಂದರು. 1998ರಲ್ಲಿ ಕುಟುಂಬ ವ್ಯವಹಾರಗಳ ಪರಮೋಚ್ಚ ಮಂಡಳಿ ಸ್ಥಾಪನೆಯಾಯಿತು. ಮಂಡಳಿಯ ಜೊತೆಗೆ ಅಂಗವಿಕಲ ಮಕ್ಕಳ ಶಫಲ್ಲಾ ಕೇಂದ್ರ, ಅಲ್ ನೂರ್ ಅಂಧರ ಸಂಸ್ಥೆಗಳಲ್ಲಿ ಶಿಕ್ಷಣ ಮತ್ತು ತರಬೇತಿಯ ಕೆಲಸ ಬೆಳೆಯಿತು. ಕತಾರ್‌ನ ಶೇಖಾ ಹಿಸ್ಸಾ ಬಿಂತ್ ಖಲೀಫಾ ಅಲ್ ಥಾನಿ 2003ರಿಂದ ಅಂಗವೈಕಲ್ಯ ವಿಷಯದಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿದ್ದರು. ಉದ್ಯೋಗದ ಕಾನೂನು ಬಂದದ್ದು ಇದೇ ಅವಧಿಯಲ್ಲಿ.

2004ರ ಕಾನೂನು

‘ವಿಶೇಷ ಅಗತ್ಯವುಳ್ಳ ವ್ಯಕ್ತಿಗಳ’ ಕುರಿತ 2004ರ 2ನೇ ಕಾನೂನು ಇಂದ್ರಿಯ, ದೇಹ, ಮನಸ್ಸು ಅಥವಾ ಬುದ್ಧಿಯ ಶಾಶ್ವತ ಕೊರತೆಯಿಂದ ಕಲಿಯುವ, ಪುನರ್ವಸತಿ ಪಡೆಯುವ ಅಥವಾ ಸಂಪಾದಿಸುವ ಅವಕಾಶ ಕುಗ್ಗಿದವರನ್ನು ತನ್ನ ವ್ಯಾಪ್ತಿಗೆ ತಂದಿತು. ಕೊರತೆ ಪೂರ್ಣವೋ ಭಾಗಶಃವೋ ಎಂಬ ಭೇದವನ್ನು ಅದು ಮಾಡಲಿಲ್ಲ. ಶಿಕ್ಷಣ, ಚಿಕಿತ್ಸೆ, ಸಾಧನ ಸಲಕರಣೆಗಳ ಹಕ್ಕಿನ ಜೊತೆ ಉದ್ಯೋಗದ ಹಕ್ಕನ್ನೂ ಹೇಳಿತು.

ಕಾನೂನಿನ ಲೆಕ್ಕದಂತೆ 500 ಜನರಿರುವ ಕಂಪನಿಯಲ್ಲಿ 10 ಮಂದಿ ಅಂಗವಿಕಲರಿರಬೇಕಿತ್ತು. ನಿಯಮ ಮುರಿದವರಿಗೆ ಗರಿಷ್ಠ 3,000 ರಿಯಾಲ್ ದಂಡವಿತ್ತು. ದೇಶದಲ್ಲಿ 2021ರ ಮಾರ್ಚ್‌ನಿಂದ ಜಾರಿಗೆ ಬಂದ ಕನಿಷ್ಠ ಮೂಲ ವೇತನ ತಿಂಗಳಿಗೆ 1,000 ರಿಯಾಲ್. ಅಂದರೆ ದಂಡದ ಗರಿಷ್ಠ ಮೊತ್ತ ಅತಿ ಕಡಿಮೆ ಸಂಬಳದ ಒಬ್ಬ ಕಾರ್ಮಿಕನ ಮೂರು ತಿಂಗಳ ಮೂಲ ವೇತನಕ್ಕೆ ಸಮ. ಒಬ್ಬರನ್ನು ವರ್ಷವಿಡೀ ನೇಮಿಸಿಕೊಳ್ಳುವುದಕ್ಕಿಂತ ದಂಡ ಕಟ್ಟುವುದೇ ಅಗ್ಗವಾಗಿತ್ತು. ಜರ್ಮನಿ, ಫ್ರಾನ್ಸ್‌ಗಳಲ್ಲಾದರೆ ಪ್ರಮಾಣ ತುಂಬದ ಸಂಸ್ಥೆ ಖಾಲಿ ಉಳಿದ ಸ್ಥಾನಗಳ ಲೆಕ್ಕದಲ್ಲಿ ವಂತಿಗೆ ಕೊಡಬೇಕು. ಆ ಹಣ ಅಂಗವಿಕಲರ ಉದ್ಯೋಗಕ್ಕೇ ವಿನಿಯೋಗವಾಗುತ್ತದೆ.

ವಲಸೆ ಕಾರ್ಮಿಕರು

ಅದೇ 2004ರಲ್ಲಿ ಬಂದ 14ನೇ ಕಾನೂನು ಕತಾರ್‌ನ ಈಗಿನ ಕಾರ್ಮಿಕ ಕಾನೂನು. ಅದು ಉದ್ಯೋಗದಲ್ಲಿ ಕತಾರಿಗಳಿಗೆ ಮೊದಲ ಆದ್ಯತೆ ಕೊಡುತ್ತದೆ. ಹೊರದೇಶದವರಿಗೆ ಕೆಲಸದ ಪರವಾನಗಿ ಬೇಕಾದರೆ ಅವರು ವೈದ್ಯಕೀಯವಾಗಿ ಯೋಗ್ಯರಾಗಿರಬೇಕು ಎಂಬ ಷರತ್ತನ್ನೂ ಇಡುತ್ತದೆ. ಹೀಗೆ ಒಂದೇ ವರ್ಷದಲ್ಲಿ ಒಂದು ಕಾನೂನು ಅಂಗವಿಕಲರನ್ನು ನೇಮಿಸಿಕೊಳ್ಳಿ ಎಂದರೆ, ಇನ್ನೊಂದು ವಲಸಿಗರನ್ನು ವೈದ್ಯಕೀಯ ಯೋಗ್ಯತೆಯ ಮೇಲೆ ಆರಿಸಿತು. 2020ರ ಜನಗಣತಿಯ ಪ್ರಕಾರ ಕತಾರ್‌ನ ಜನಸಂಖ್ಯೆ ಸುಮಾರು 28 ಲಕ್ಷ. ಅದರಲ್ಲಿ ಕತಾರ್ ಪೌರರದು ಸಣ್ಣ ಪಾಲು. ಖಾಸಗಿ ವಲಯದಲ್ಲಿ ದುಡಿಯುವವರು ಬಹುಪಾಲು ವಲಸಿಗರು. ಆದ್ದರಿಂದ ಶೇ. 2ರ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದದ್ದು ಇವರ ತಲೆ ಎಣಿಸಿ. ಅದರ ಫಲ ಮಾತ್ರ ಇವರಿಗೆ ಸುಲಭವಾಗಿ ಸಿಗುವಂಥದ್ದಾಗಿರಲಿಲ್ಲ.

ದುಡಿಯುವಾಗಲೇ ಅಂಗವಿಕಲರಾದವರ ಸ್ಥಿತಿ ಇನ್ನೂ ಕಠಿಣ. ಕಾರ್ಮಿಕ ಕಾನೂನಿನಂತೆ ಗಾಯಗೊಂಡವನ ಚಿಕಿತ್ಸೆಯ ವೆಚ್ಚ ಮಾಲೀಕನದು. ಚಿಕಿತ್ಸೆಯ ಅವಧಿಯಲ್ಲಿ ಆರು ತಿಂಗಳವರೆಗೆ ಪೂರ್ಣ ವೇತನ, ಆಮೇಲೆ ಅರ್ಧ ವೇತನ ಸಿಗುತ್ತದೆ. ಕೆಲಸದ ಅಪಘಾತದಿಂದಾದ ಸಾವಿಗೆ ಪರಿಹಾರ 2,00,000 ರಿಯಾಲ್. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ ಅಷ್ಟೇ ಮೊತ್ತ. ಭಾಗಶಃ ಆದರೆ ಶೇಕಡಾವಾರು ಲೆಕ್ಕ: ಶೇ. 30ರ ಅಂಗವೈಕಲ್ಯಕ್ಕೆ 60,000 ರಿಯಾಲ್. ಗಾಯಾಳು ಉದ್ದೇಶಪೂರ್ವಕವಾಗಿ ಗಾಯ ಮಾಡಿಕೊಂಡಿದ್ದರೆ ಪರಿಹಾರವಿಲ್ಲ. ಅಂಗವಿಕಲನಾದವನಿಗೆ ಅದೇ ಸಂಸ್ಥೆಯಲ್ಲಿ ಆಗುವಂಥ ಬೇರೆ ಕೆಲಸ ಕೊಡಬೇಕೆಂಬ ಮಾತು ಪರಿಹಾರದ ಈ ವಿಧಿಗಳಲ್ಲಿಲ್ಲ. ವಾಸದ ಪರವಾನಗಿ ಕೆಲಸಕ್ಕೆ ಅಂಟಿಕೊಂಡಿರುವುದರಿಂದ, ಕೆಲಸ ಹೋದವನ ಮುಂದೆ ಉಳಿಯುವುದು ಹೆಚ್ಚಾಗಿ ಊರಿನ ದಾರಿ.

ಇಂಥ ಸಂಕಷ್ಟಗಳಲ್ಲಿ ಭಾರತೀಯ ದೂತಾವಾಸದ ಆಶ್ರಯದಲ್ಲಿ 1984ರಿಂದ ನಡೆಯುತ್ತಿರುವ ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂ ಭಾರತೀಯರಿಗೆ ನೆರವಾಗುತ್ತ ಬಂದಿದೆ. ಮನೆಗೆಲಸದವರನ್ನು 14ನೇ ಕಾನೂನು ಹೊರಗಿಟ್ಟಿತ್ತು. ಅವರಿಗೆ ಪ್ರತ್ಯೇಕ ಕಾನೂನು ಬಂದದ್ದು 2017ರಲ್ಲಿ. ಮಾಲೀಕನ ಅನುಮತಿ ಇಲ್ಲದೆ ಕೆಲಸ ಬದಲಾಯಿಸುವ ಅವಕಾಶ 2020ರಲ್ಲಿ ಸಿಕ್ಕಿತು.

2008ರ ನಂತರ

ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಕತಾರ್ 2007ರ ಜುಲೈಯಲ್ಲಿ ಸಹಿ ಹಾಕಿ, 2008ರ ಮೇಯಲ್ಲಿ ಅದನ್ನು ಅನುಮೋದಿಸಿತು. ಒಡಂಬಡಿಕೆಯ 27ನೇ ವಿಧಿ ನೇಮಕದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಕೆಲಸದ ಜಾಗದಲ್ಲಿ ತಕ್ಕ ಅನುಕೂಲ ಒದಗಿಸಬೇಕೆನ್ನುತ್ತದೆ. ಕೆಲಸದಲ್ಲಿರುವಾಗ ಅಂಗವಿಕಲರಾದವರನ್ನೂ ತನ್ನ ರಕ್ಷಣೆಗೆ ಸೇರಿಸುತ್ತದೆ. ಶೇಕಡಾವಾರು ಪ್ರಮಾಣವನ್ನು ಮಾತ್ರ ಅದು ಗೊತ್ತುಪಡಿಸಿಲ್ಲ. 2010ರಲ್ಲಿ ಆರಂಭವಾದ ಮದಾ ಕೇಂದ್ರ ಅಂಗವಿಕಲರಿಗೆ ನೆರವಾಗುವ ತಂತ್ರಜ್ಞಾನಕ್ಕೆ ಮೀಸಲು. 2019ರ ಡಿಸೆಂಬರ್‌ನಲ್ಲಿ ಅಂಗವೈಕಲ್ಯ ಮತ್ತು ಅಭಿವೃದ್ಧಿ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ದೋಹಾದಲ್ಲಿ ನಡೆಯಿತು. 2022ರ ನವೆಂಬರ್ 20ರಂದು ಅಲ್ ಬೈತ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಫುಟ್‌ಬಾಲ್ ಉದ್ಘಾಟನೆಯಾದಾಗ, ಕೆಳದೇಹವಿಲ್ಲದೆ ಹುಟ್ಟಿದ ಕತಾರ್ ಯುವಕ ಗಾನಿಮ್ ಅಲ್ ಮುಫ್ತಾಹ್ ವೇದಿಕೆಯಲ್ಲಿ ಕಾಣಿಸಿಕೊಂಡರು. ಅದನ್ನು ಜಗತ್ತೇ ನೋಡಿತು.

ನೆರೆ ರಾಷ್ಟ್ರಗಳು ಮತ್ತು ಭಾರತ

ಸೌದಿ ಅರೇಬಿಯಾದ 2005ರ ಕಾರ್ಮಿಕ ಕಾನೂನು 25 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶೇ. 4ರ ಪ್ರಮಾಣ ಇಟ್ಟಿತು. ಕುವೈತ್‌ನ 2010ರ ಕಾನೂನಿನಲ್ಲೂ ಪ್ರಮಾಣ ಶೇ. 4, ಆದರೆ ಅದು ಅನ್ವಯಿಸುವುದು ಕನಿಷ್ಠ 50 ಕುವೈತಿಗಳು ದುಡಿಯುವಲ್ಲಿ.

ಭಾರತದಲ್ಲಿ 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 3 ಮೀಸಲಿಟ್ಟಿತ್ತು. 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು. ಕರ್ನಾಟಕದ ಸಿ ಮತ್ತು ಡಿ ಗುಂಪಿನ ಹುದ್ದೆಗಳಲ್ಲಿ ಶೇ. 5 ಮೀಸಲಾತಿ ಇದೆ. ಖಾಸಗಿ ವಲಯದ ಮಟ್ಟಿಗೆ 2016ರ ಕಾಯ್ದೆ ಶೇ. 5ರ ಗುರಿಗೆ ಪ್ರೋತ್ಸಾಹ ಕೊಡಿ ಎನ್ನುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ಈ ವಿಷಯದಲ್ಲಿ ಕತಾರ್ ಮುಂದಿದೆ. ಇನ್ನೊಂದು ವಿಷಯದಲ್ಲಿ ಭಾರತ ಮುಂದಿದೆ: ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಮೌಲ್ಯಮಾಪನ

ಖಾಸಗಿ ಮಾಲೀಕರನ್ನೂ ಹೊಣೆಗಾರರನ್ನಾಗಿಸಿದ್ದು 2004ರ 2ನೇ ಕಾನೂನಿನ ನಿಜವಾದ ಹಿರಿಮೆ. ಅದರ ದಂಡ ಹಗುರವಾಗಿದ್ದದ್ದು ಮತ್ತು ವಲಸೆ ಕಾರ್ಮಿಕರಿಗೆ ಅದರ ಬಾಗಿಲು ಕಿರಿದಾಗಿದ್ದದ್ದು ದೊಡ್ಡ ಕೊರತೆಗಳು. ಕತಾರ್‌ನ ಕ್ರೀಡಾಂಗಣ, ಮೆಟ್ರೊ, ಗಗನಚುಂಬಿಗಳನ್ನು ಕಟ್ಟಿದವರು ವಲಸಿಗರು. ಆ ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಪರಿಹಾರದ ಚೆಕ್ ಜೊತೆ ಮಾಡಬಲ್ಲ ಬೇರೊಂದು ಕೆಲಸವನ್ನೂ ಕೊಡುವ ಹೊಣೆ ಮಾಲೀಕನ ಮೇಲೆ ಬರಬೇಕು. ಅಲ್ಲಿಯವರೆಗೆ ಯಾವ ಶೇಕಡಾ ಪ್ರಮಾಣವೂ ಅರ್ಧ ನ್ಯಾಯವೇ.