ಅಡುಗೆಮನೆ ಪಕ್ಕದ ಅಟ್ಟ

ಬರ್ಲಿನ್ನಿಗೆ ಬಂದ ಎರಡನೇ ವರ್ಷ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂದೇ ಜಗಳ. ಬಾತ್‌ರೂಮ್ ಯಾರು ತೊಳೆಯಬೇಕು? ಇಬ್ಬರಿಗೂ ಆಫೀಸು, ಇಬ್ಬರಿಗೂ ಸುಸ್ತು. ಕೊನೆಗೆ ನನ್ನ ಸಹೋದ್ಯೋಗಿಯೊಬ್ಬ "ನಮ್ಮ ಮನೆಗೆ ಬರೋ ಪೆರ್ಲೆ ನಂಬರ್ ಕೊಡ್ತೀನಿ" ಅಂದ. ಪೆರ್ಲೆ ಅಂದರೆ ಮುತ್ತು. ಒಳ್ಳೆಯ ಕೆಲಸದವರು ಸಿಕ್ಕರೆ ಜರ್ಮನ್ನರು ಹಾಗೇ ಕರೆಯೋದು. ನಮ್ಮಲ್ಲಿ "ಚಿನ್ನದಂಥಾ ಹೆಂಗಸು" ಅಂತೀವಲ್ಲ, ಹಾಗೆ.

ಆ ಮುತ್ತು ಒಂದು ಗುರುವಾರ ಸಂಜೆ ಮನೆಗೆ ಬಂದರು. ಐವತ್ತರ ಆಸುಪಾಸಿನ ಪೋಲಿಷ್ ಮಹಿಳೆ. ನಾನು ಅವರನ್ನು ಇಂಟರ್‌ವ್ಯೂ ಮಾಡಬೇಕು ಅಂದುಕೊಂಡಿದ್ದೆ, ಆಗಿದ್ದು ಉಲ್ಟಾ. ವ್ಯಾಕ್ಯೂಮ್ ಕ್ಲೀನರ್ ಯಾವುದು, ಕಿಟಕಿ ಒರೆಸೋದೂ ಸೇರಿದೆಯಾ, ವಾರಕ್ಕೆ ಎಷ್ಟು ಗಂಟೆ, ನಾವು ಊರಿಗೆ ಹೋದಾಗ ಏನು ಅಂತ ಎಲ್ಲ ಕೇಳಿದರು. ಗಂಟೆಗೆ 15 ಯೂರೊ, ವಾರಕ್ಕೆ ಮೂರು ಗಂಟೆ ಅಂತ ಮಾತಾಯಿತು. ಆಮೇಲೆ ನಾನು ದೊಡ್ಡ ಮನಸ್ಸು ಮಾಡಿದವಳ ಥರ "ಕ್ಯಾಶ್ ಕೊಟ್ರೆ ನಡೆಯುತ್ತಲ್ವಾ?" ಅಂದೆ.

"ರಿಜಿಸ್ಟರ್ ಮಾಡಿಸಿದರೆ ಮಾತ್ರ ಬರ್ತೀನಿ" ಅಂದರು.

ಕಾರಣವನ್ನೂ ಹೇಳಿದರು. ಹಿಂದೆ ಒಂದು ಮನೆಯಲ್ಲಿ ಕಿಟಕಿ ಒರೆಸುವಾಗ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದಿತ್ತಂತೆ. ಆ ಮನೆಯವರು ತುಂಬಾ ಒಳ್ಳೆಯವರು, ತಾವೇ ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟರು. ಆದರೆ ದಾರಿಯುದ್ದಕ್ಕೂ ಕೇಳಿಕೊಂಡಿದ್ದು ಒಂದೇ ಮಾತು: ಎಲ್ಲಿ ಬಿದ್ದೆ ಅಂತ ದಯವಿಟ್ಟು ಹೇಳಬೇಡಿ.

ಮಾರನೇ ದಿನ ಫಾರಂ ತೆಗೆದು ನೋಡಿದೆ. ಅದರ ಹೆಸರು ಹೌಸ್‌ಹಾಲ್ಟ್ಸ್‌ಶೆಕ್, ಅಂದರೆ ಮನೆವಾರ್ತೆಯ ಚೆಕ್ಕು. 1997ರಿಂದ ಈ ಪದ್ಧತಿ ಇದೆ. ಹೆಸರು, ಹುಟ್ಟಿದ ದಿನ, ವಿಳಾಸ, ತಿಂಗಳ ಸಂಬಳ, ಸಹಿ. ಇಪ್ಪತ್ತು ನಿಮಿಷದ ಕೆಲಸ. ತಿಂಗಳಿಗೆ ಸುಮಾರು 195 ಯೂರೊ ಸಂಬಳ, ಅದರ ಮೇಲೆ ವಿಮೆ, ಪಿಂಚಣಿ, ತೆರಿಗೆ ಅಂತ ನಾವು ಕಟ್ಟಬೇಕಾದ್ದು 28 ಯೂರೊ ಚಿಲ್ಲರೆ. ಇಷ್ಟಕ್ಕೆ ಅವರಿಗೆ ಅಪಘಾತ ವಿಮೆ, ವರ್ಷಕ್ಕೆ ನಾಲ್ಕು ವಾರ ಸಂಬಳಸಹಿತ ರಜೆ, ಕಾಯಿಲೆ ಬಿದ್ದರೆ ಆರು ವಾರದವರೆಗೆ ಸಂಬಳ. ನಮಗೂ ಲಾಭವಿದೆ. ಖರ್ಚಿನ ಶೇ. 20ರಷ್ಟು, ವರ್ಷಕ್ಕೆ ಗರಿಷ್ಠ 510 ಯೂರೊ, ಆದಾಯ ತೆರಿಗೆಯಲ್ಲಿ ಕಳೆಯುತ್ತಾರೆ. ಲೆಕ್ಕ ಹಾಕಿದರೆ ನಾವು ಕಟ್ಟಿದ್ದಕ್ಕಿಂತ ವಾಪಸ್ ಬರೋದೇ ಜಾಸ್ತಿ! ಇಷ್ಟಿದ್ದೂ ಜರ್ಮನಿಯಲ್ಲಿ ಮನೆ ಕ್ಲೀನ್ ಮಾಡುವ ಬಹುಪಾಲು ಜನ ಕಾಗದದ ಮೇಲೆ ಇಲ್ಲ. ಇಂಥ ಕೆಲಸಕ್ಕೆ ಇಲ್ಲಿ 'ಕಪ್ಪು ಕೆಲಸ' ಅಂತಾನೇ ಹೆಸರು.

ಕೆಲಸಕ್ಕೆ ಬಂದ ಮೊದಲ ದಿನ ಅವರು ಅಡುಗೆಮನೆ ಪಕ್ಕದ ಓಣಿಯಲ್ಲಿ ನಿಂತು ಮೇಲೆ ನೋಡಿದರು. ಅಲ್ಲೊಂದು ಅಟ್ಟ ಇದೆ. ಅದರಲ್ಲಿ ನಮ್ಮ ಸೂಟ್‌ಕೇಸುಗಳು, ದೀಪಾವಳಿ ಲೈಟುಗಳು, ಅಮ್ಮ ಕಳಿಸಿದ ಇಡ್ಲಿ ಪಾತ್ರೆಯ ಡಬ್ಬ.

"ಇದು ಯಾತಕ್ಕೆ ಕಟ್ಟಿದ್ದು ಗೊತ್ತಾ?"

"ಸಾಮಾನು ಇಡೋಕೆ."

"ಅಲ್ಲ, ನಮಗೆ" ಅಂದರು.

ಅವರು ನಗುತ್ತಲೇ ಹೇಳಿದ್ದು. ಆದರೆ ಅವತ್ತು ರಾತ್ರಿ ನಾನು ಓದೋಕೆ ಕೂತೆ.

ನಮ್ಮ ಕಟ್ಟಡ ಕಟ್ಟಿದ್ದು 1890ರ ದಶಕದಲ್ಲಿ. ಆ ಕಾಲದ ಬರ್ಲಿನ್ ಮನೆಗಳಲ್ಲಿ ಇಂಥ ಅಟ್ಟಕ್ಕೆ ಹೆಂಗೆಬೋಡೆನ್ ಅನ್ನುತ್ತಿದ್ದರು, ತೂಗುವ ನೆಲ ಅಂತ ಅರ್ಥ. ಬಾತ್‌ರೂಮಿನ ಮೇಲೋ, ಉಗ್ರಾಣದ ಮೇಲೋ, ಓಣಿಯ ಮೇಲೋ ಒಂದು ಹಲಗೆ. ಹತ್ತೋಕೆ ಏಣಿ. ಎದ್ದು ನಿಲ್ಲೋಕೆ ಆಗದಷ್ಟು ತಗ್ಗು, ಎಷ್ಟೋ ಕಡೆ ಕಿಟಕಿಯೇ ಇಲ್ಲ, ಕೆಳಗಿನ ಒಲೆಯ ಬಿಸಿ ಬೇರೆ. ಮನೆಗೆಲಸದ ಹುಡುಗಿ ಮಲಗುತ್ತಿದ್ದದ್ದು ಅಲ್ಲೇ. ಫೊಂಟಾನೆ ಅನ್ನುವ ಕಾದಂಬರಿಕಾರ 1890ರ ದಶಕದ ಕೊನೆಗೆ ಬರೆದ 'ಡೆರ್ ಶ್ಟೆಖ್‌ಲಿನ್'ನಲ್ಲಿ ಕೆಲಸದ ಹುಡುಗಿಯೊಬ್ಬಳು ಈ ಅಟ್ಟದ ಬಗ್ಗೆ ದೂರಿಕೊಳ್ಳುತ್ತಾಳೆ. ಅಂದರೆ ಕಾದಂಬರಿಗೆ ಬರುವಷ್ಟು ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ನಮ್ಮಲ್ಲಿ ಅಟ್ಟದ ಮೇಲೆ ಸೌದೆ, ಸೌತೇಕಾಯಿ, ಮುರಿದ ತೊಟ್ಟಿಲು ಇಡ್ತಾರೆ. ಇಲ್ಲಿ ಮನುಷ್ಯರನ್ನು ಇಟ್ಟಿದ್ದರು.

ಮನೆ ಮುಂದಿನ ಅಗಲದ ಮೆಟ್ಟಿಲೂ ಅವರಿಗಲ್ಲ. ಹಿಂದಿನ ಅಂಗಳದಿಂದ ಅಡುಗೆಮನೆಗೆ ನೇರ ಬರುವ ಇಕ್ಕಟ್ಟಿನ ಮೆಟ್ಟಿಲು ಬೇರೆಯೇ ಇತ್ತು. 'ಯಜಮಾನರಿಗೆ ಮಾತ್ರ' ಅನ್ನುವ ಬೋರ್ಡು ಕೆಲವು ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಇದೆ, ಪ್ರವಾಸಿಗರು ಫೋಟೊ ತೆಗೀತಾರೆ.

1895ರ ಗಣತಿಯ ಹೊತ್ತಿಗೆ ಜರ್ಮನಿಯಲ್ಲಿ ಇಂಥ ಮನೆಯಾಳುಗಳು 13 ಲಕ್ಷಕ್ಕೂ ಹೆಚ್ಚು ಇದ್ದರು, ಹೆಚ್ಚಿನವರು ಹೆಣ್ಣುಮಕ್ಕಳು. ಬರ್ಲಿನ್ನಿಗೆ ಬಂದವರಲ್ಲಿ ಬಹಳ ಜನ ಸಿಲೇಸಿಯಾ, ಪೊಮೆರೇನಿಯಾ, ಪೂರ್ವ ಪ್ರಶ್ಯದ ಹಳ್ಳಿಯವರು. ಬೆಳಗಿನ ಜಾವ ಎದ್ದು ಒಲೆ ಹಚ್ಚುವುದರಿಂದ ಹಿಡಿದು ರಾತ್ರಿ ಎಲ್ಲರ ಬೂಟು ಒರೆಸುವವರೆಗೆ ದಿನಕ್ಕೆ 16 ಗಂಟೆ ಕೆಲಸ ಅಪರೂಪವೇನಲ್ಲ. ಬಿಡುವು ಅಂದರೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ. ಬಂದ ಹುಡುಗಿಯ ಹೆಸರೂ ಮನೆಯ ಮಗಳ ಹೆಸರೂ ಒಂದೇ ಆದರೆ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಮಿನ್ನಾ ಅನ್ನುವುದು ಕೆಲಸದವಳ ಹೆಸರು ಅಂತಲೇ ಆಗಿಹೋಯಿತು. ಇವತ್ತಿಗೂ ಜರ್ಮನ್ ಭಾಷೆಯಲ್ಲಿ ಯಾರನ್ನಾದರೂ ಚೆನ್ನಾಗಿ ಬೈದರೆ 'ಮಿನ್ನಾ ಮಾಡಿದರು' ಅಂತಾರೆ. ನನ್ನ ಮ್ಯಾನೇಜರ್ ಈ ಮಾತನ್ನು ಮೀಟಿಂಗಿನಲ್ಲೇ ಆಡಿದ್ದು ಕೇಳಿದ್ದೇನೆ, ಪಾಪ, ಎಲ್ಲಿಂದ ಬಂತು ಅಂತ ಅವನಿಗೂ ಗೊತ್ತಿಲ್ಲ.

ಇದೆಲ್ಲ ಬರೀ ಕೆಟ್ಟ ಯಜಮಾನರ ಕಥೆ ಅಂದುಕೊಂಡರೆ ತಪ್ಪು. ಇದು ಕಾನೂನು. ಪ್ರಶ್ಯದಲ್ಲಿ 1810ರ ನವೆಂಬರಿನಲ್ಲಿ ಆಳುಗಳ ಕಾಯ್ದೆ ಬಂತು. ಅದರ 77ನೇ ಕಲಮಿನ ಪ್ರಕಾರ ಆಳು ತನ್ನ ನಡವಳಿಕೆಯಿಂದ ಯಜಮಾನರಿಗೆ ಸಿಟ್ಟು ಬರಿಸಿ, ಅವರು ಬೈದರೆ ಅಥವಾ ಸಣ್ಣದಾಗಿ ಕೈಮಾಡಿದರೆ, ಕೋರ್ಟಿಗೆ ಹೋಗುವ ಹಾಗಿಲ್ಲ. 1846ರಲ್ಲಿ ಪ್ರತಿ ಆಳಿಗೂ ಒಂದು ಪುಸ್ತಕ ಕಡ್ಡಾಯವಾಯಿತು. ಕೆಲಸ ಬಿಡುವಾಗ ಯಜಮಾನರು ಅದರಲ್ಲಿ ನಡತೆ ಬರೆಯಬೇಕು. ಪುಸ್ತಕ ಕೆಟ್ಟರೆ ಮುಂದಿನ ಕೆಲಸವೂ ಹೋಯಿತು. 1854ರ ಇನ್ನೊಂದು ಕಾನೂನು, ಮಾತು ಕೇಳದಿದ್ದರೆ ಅಥವಾ ಕೆಲಸ ಬಿಟ್ಟು ಹೋದರೆ ದಂಡ ಇಲ್ಲವೇ ಮೂರು ದಿನದವರೆಗೆ ಜೈಲು ಅಂತ ಹೇಳಿತು. ಹೊಡೆಯುವ ಹಕ್ಕು ಯಜಮಾನರಿಗಿಲ್ಲ ಅಂತ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ಹೇಳಿದ್ದು 1900ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ ಜೊತೆಗೆ. ಉಳಿದ ಹಳೆಯ ಕಾಯ್ದೆಗಳನ್ನು ಅದೂ ಹಾಗೇ ಬಿಟ್ಟಿತು.

ಈ ಕಾನೂನುಗಳ ಹಿಂದಿದ್ದ ವಾದ ಮಾತ್ರ ನನ್ನನ್ನು ನಿಲ್ಲಿಸಿತು. ಆಳು ಕಾರ್ಖಾನೆಯ ಕೆಲಸಗಾರನ ಹಾಗಲ್ಲ, ಅವಳು ಮನೆಗೆ ಸೇರಿದವಳು. ಅವಳ ಊಟ, ನಿದ್ದೆ, ನಡತೆ ಎಲ್ಲ ಮನೆ ಯಜಮಾನನ ಜವಾಬ್ದಾರಿ. ಅಂದಮೇಲೆ ಕೆಲಸದ ಗಂಟೆ ಯಾಕೆ, ಸಂಘ ಯಾಕೆ? 'ಮನೆಯವಳ ಥರ' ಅನ್ನುವ ಮಾತು ಇತ್ತಲ್ಲ, ಹಕ್ಕು ಕೊಡದೇ ಇರೋಕೆ ಅದೇ ಕಾರಣವಾಗಿತ್ತು.

ಹುಡುಗಿಯರು ಸುಮ್ಮನಿರಲಿಲ್ಲ. 1899ರಲ್ಲಿ ಬರ್ಲಿನ್ನಿನ ಮನೆಗೆಲಸದವರು ದೊಡ್ಡ ಸಭೆಗಳನ್ನು ಮಾಡಿದರು. 1902ರಲ್ಲಿ ಆಸ್ಕರ್ ಶ್ಟಿಲಿಖ್ ಅನ್ನುವವರು ಬರ್ಲಿನ್ನಿನ ಕೆಲಸದ ಹೆಂಗಸರ ಸ್ಥಿತಿಗತಿಯನ್ನು ವಿಚಾರಿಸಿ ಪುಸ್ತಕವನ್ನೇ ಬರೆದರು. 1906ರಲ್ಲಿ ನ್ಯೂರೆಂಬರ್ಗಿನಲ್ಲಿ ಹೆಲೆನೆ ಗ್ರ್ಯೂನ್‌ಬೆರ್ಗ್ ಸಂಘ ಕಟ್ಟಿದರು. 1909ರಲ್ಲಿ ಇಡೀ ದೇಶಕ್ಕೆ ಒಂದು ಸಂಘ ಬಂತು. ಕೊನೆಗೆ 1918ರ ನವೆಂಬರ್ 9ರಂದು ಕೈಸರನ ಆಳ್ವಿಕೆ ಮುಗಿಯಿತು. ಮೂರೇ ದಿನಕ್ಕೆ, ನವೆಂಬರ್ 12ಕ್ಕೆ, ಹೊಸ ಸರ್ಕಾರ ಒಂದು ಪುಟ್ಟ ಘೋಷಣೆ ಹೊರಡಿಸಿತು. ಹೆಂಗಸರಿಗೂ ಮತದಾನದ ಹಕ್ಕು ಸಿಕ್ಕಿದ್ದು ಅದರಲ್ಲೇ, ಆಳುಗಳ ಕಾಯ್ದೆ ರದ್ದಾಗಿದ್ದೂ ಅದರಲ್ಲೇ. ನೂರೆಂಟು ವರ್ಷದ ಕಾನೂನು ಒಂದು ಸಾಲಿನಲ್ಲಿ ಹೋಯಿತು. ಆದರೆ ಕಾರ್ಖಾನೆಯವರಿಗೆ ಸಿಕ್ಕ ಎಂಟು ಗಂಟೆಯ ದಿನ ಇವರಿಗೆ ಸಿಗಲಿಲ್ಲ. ಮನೆಗೆಲಸದವರ ಕಾನೂನಿನ ಕರಡು ಬಂತು, ಪಾಸಾಗಲೇ ಇಲ್ಲ.

ಆಮೇಲೆ ನಾಜಿಗಳು. 1935ರ ನ್ಯೂರೆಂಬರ್ಗ್ ಕಾನೂನಿನಲ್ಲಿ ಮನೆಗೆಲಸಕ್ಕೂ ಒಂದು ಕಲಮು ಇತ್ತು: 45 ವರ್ಷದೊಳಗಿನ 'ಜರ್ಮನ್ ರಕ್ತದ' ಹೆಣ್ಣುಮಕ್ಕಳನ್ನು ಯಹೂದಿಗಳು ಮನೆಗೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಯಾರ ಮನೆ ಕಸ ಯಾರು ಗುಡಿಸಬಹುದು ಅನ್ನುವುದನ್ನೂ ರಕ್ತ ನೋಡಿ ತೀರ್ಮಾನಿಸಿದರು. 1942ರಲ್ಲಿ ಜರ್ಮನ್ ಗೃಹಿಣಿಯರ ಕೆಲಸ ಹಗುರ ಮಾಡೋಕೆ ಅಂತ ಆಕ್ರಮಿತ ಉಕ್ರೇನಿನಿಂದ ನಾಲ್ಕೈದು ಲಕ್ಷ ಹುಡುಗಿಯರನ್ನು ತರುವ ಯೋಜನೆ ಹಾಕಿದರು. ಅಷ್ಟು ಜನರನ್ನು ತರಲಾಗಲಿಲ್ಲ, ಆದರೆ ತಂದವರನ್ನು ತಂದಿದ್ದು ಗುಲಾಮರ ಹಾಗೆ.

ಇದನ್ನೆಲ್ಲ ಓದಿದ ಮೇಲೆ ನಮ್ಮ ಮನೆಗೆ ಬರುವವರನ್ನು ಊರು ಯಾವುದು ಅಂತ ಕೇಳಿದೆ. ವ್ರೊತ್ಸ್ವಾಫ್ ಹತ್ತಿರದ ಹಳ್ಳಿ. ಅಟ್ಟ ಕಟ್ಟಿದ ಕಾಲದಲ್ಲಿ ಆ ನಗರದ ಹೆಸರು ಬ್ರೆಸ್ಲಾವ್, ಸಿಲೇಸಿಯಾದ ರಾಜಧಾನಿ. ಗಡಿ ಬದಲಾಯಿತು, ಭಾಷೆ ಬದಲಾಯಿತು, ಮೊದಲಿದ್ದ ಜನರೇ ಹೋಗಿ ಬೇರೆಯವರು ಬಂದರು. ಬರ್ಲಿನ್ನಿನ ಮನೆ ಗುಡಿಸೋಕೆ ರೈಲು ಹತ್ತುವುದು ಮಾತ್ರ ನಿಲ್ಲಲಿಲ್ಲ. ಪೋಲೆಂಡ್ 2004ರಲ್ಲೇ ಯುರೋಪಿಯನ್ ಒಕ್ಕೂಟ ಸೇರಿದರೂ ಅಲ್ಲಿನವರು ಜರ್ಮನಿಯಲ್ಲಿ ಪರ್ಮಿಟ್ ಇಲ್ಲದೆ ದುಡಿಯಬಹುದು ಅಂತಾಗಿದ್ದು 2011ರ ಮೇ 1ರಿಂದ. ಅಲ್ಲಿಯವರೆಗೆ ಅವರದ್ದೂ ಕಪ್ಪು ಕೆಲಸವೇ. ನಾನೂ ಪರದೇಶಿ, ಅವರೂ ಪರದೇಶಿ. ಆದರೆ ನಾನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ನನ್ನ ಕಾಂಟ್ರಾಕ್ಟು ಕೈಯಲ್ಲಿತ್ತು. ಅವರಿಗೆ ಒಂದು ಫಾರಂ ತುಂಬಿಸಿಕೊಳ್ಳೋಕೆ ಮಣಿಕಟ್ಟು ಮುರಿಯಬೇಕಾಯಿತು.

ಈ ಕಥೆಯನ್ನು ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ಹೇಳಿದೆ. "ಕಸ ಗುಡಿಸೋರಿಗೆ ಗೌರ್ಮೆಂಟ್ ಫಾರಮ್ಮಾ!" ಅಂತ ನಕ್ಕರು. ನಾನು ಸುಮ್ಮನಿರಬೇಕಿತ್ತು. "ಮತ್ತೆ ನಮ್ಮನೇಲಿ ಹದಿನಾಲ್ಕು ವರ್ಷ ಇದ್ಲಲ್ಲ, ಅವಳಿಗೆ ಏನು ಮಾಡಿದ್ವಿ?" ಅಂತ ಕೇಳಿಬಿಟ್ಟೆ.

ಅಮ್ಮನ ಮುಖ ಸಣ್ಣದಾಯಿತು. "ನಾವೇನು ಕೆಟ್ಟವರಾ? ಮನೆ ಮಗಳ ಥರ ನೋಡ್ಕೊಂಡಿದ್ದೀವಿ."

ಅಮ್ಮ ಹೇಳಿದ್ದು ಸುಳ್ಳಲ್ಲ. ಹಬ್ಬಕ್ಕೆ ಸೀರೆ, ಮಗಳ ಸ್ಕೂಲ್ ಫೀಸು, ಜ್ವರ ಬಂದಾಗ ಮಾತ್ರೆ, ಎಲ್ಲ ಕೊಟ್ಟಿದ್ದಾರೆ. ಹಿತ್ತಲಿನ ಗೂಡಿನಲ್ಲಿ ಅವಳದ್ದೇ ಬೇರೆ ಲೋಟವೂ ಇತ್ತು. ಗರ್ಭಕೋಶದ ಆಪರೇಷನ್ ಆಗಿ ಡಾಕ್ಟರು ಮೂರು ತಿಂಗಳು ರೆಸ್ಟ್ ಅಂದಾಗ ಅಮ್ಮ ಎರಡು ಸಾವಿರ ರೂಪಾಯಿ ಕೊಟ್ಟು ಕಣ್ಣೀರು ಹಾಕಿದರು. ಮುಂದಿನ ವಾರ ಬೇರೆಯವಳನ್ನು ಇಟ್ಟುಕೊಂಡೆವು. ಮೂರು ತಿಂಗಳ ನಂತರ ಅವಳು ಬಂದು ಬಾಗಿಲಲ್ಲಿ ನಿಂತಳು, ಕಾಫಿ ಕುಡಿದಳು, ಹೋದಳು. ಆಗ ನಾನು ಇಂಜಿನಿಯರಿಂಗ್ ಕೊನೇ ವರ್ಷ. ನನಗೂ ಏನೂ ಅನ್ನಿಸಲಿಲ್ಲ. ಆ ಹೊತ್ತಿಗಾಗಲೇ ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ್ದರು, 2004ರಲ್ಲಿ. ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಅದರ ಸುದ್ದಿ ನಾನು ಕೇಳಲಿಲ್ಲ. ಮನೆಗೆಲಸದವರ ಹಕ್ಕಿಗೆ ಅಂತ 2011ರಲ್ಲಿ ಬಂದ ಅಂತರರಾಷ್ಟ್ರೀಯ ಒಪ್ಪಂದವನ್ನು ಜರ್ಮನಿ 2013ರಲ್ಲಿ ಅಂಗೀಕರಿಸಿತು. ಭಾರತ ಅಂಗೀಕರಿಸಿಲ್ಲ. ನನ್ನ ತಮ್ಮ ಸರ್ಜಾಪುರ ರಸ್ತೆಯಲ್ಲಿ ತಗೊಂಡ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ಬ್ರೋಷರಿನಲ್ಲಿ 'ಸರ್ವೆಂಟ್ ರೂಮ್' ಅಂತ ಅಡುಗೆಮನೆ ಪಕ್ಕ ಒಂದು ಚೌಕ. ಬರ್ಲಿನ್ನಿನ ಹಿಂದಿನ ಮೆಟ್ಟಿಲು ನೋಡಿ ಫೋಟೊ ತೆಗೆದವಳು ನಾನೇ.

ಇಲ್ಲಿಯವರೆಗೆ ಬರೆದಿದ್ದನ್ನು ಓದಿ ನೋಡಿದರೆ, ಬರ್ಲಿನ್ನಿನ ಮಹಿಳೆಗೆ 'ಅವರು' ಅಂದಿದ್ದೇನೆ, ಬೆಂಗಳೂರಿನಾಕೆಗೆ 'ಅವಳು' ಅಂದಿದ್ದೇನೆ. ಬೇಕು ಅಂತ ಮಾಡಿದ್ದಲ್ಲ. ತಿದ್ದದೆ ಹಾಗೇ ಬಿಟ್ಟಿದ್ದೇನೆ, ನನಗೆ ನೆನಪಿರಲಿ ಅಂತ. ಬರ್ಲಿನ್ನಿನ ಯಜಮಾನ್ತಿಯರೆಲ್ಲ ರಾಕ್ಷಸಿಯರಾಗಿರಲಿಲ್ಲ, ನನ್ನ ಅಮ್ಮನೂ ಅಲ್ಲ, ಮಣಿಕಟ್ಟು ಮುರಿದವರನ್ನು ಆಸ್ಪತ್ರೆಗೆ ಬಿಟ್ಟವರೂ ಅಲ್ಲ. ಒಳ್ಳೆಯವರ ಮನೆಯಲ್ಲೂ ಕಾಯಿಲೆ ಬಿದ್ದ ದಿನ ಕೈಗೆ ಬರುವುದು ಅವರಿಗೆ ತೋಚಿದಷ್ಟೇ. ಕಾಗದದಲ್ಲಿದ್ದರೆ ಬರಬೇಕಾದಷ್ಟು ಬರುತ್ತದೆ. ಅಷ್ಟೇ ವ್ಯತ್ಯಾಸ.

ಎರಡು ವಾರ ಬಿಟ್ಟು ಅಮ್ಮನೇ ಫೋನ್ ಮಾಡಿದರು. ಈಗ ಕೆಲಸಕ್ಕೆ ಬರುವವರು ತಿಂಗಳಿಗೆ ನಾಲ್ಕು ರಜೆ ಕೇಳಿದರಂತೆ. "ಸಂಬಳ ಕಟ್ ಮಾಡಲ್ಲ ಅಂದೆ ಕಣೇ" ಅಂದರು. ಧ್ವನಿಯಲ್ಲಿ ಇನ್ನೂ ಸ್ವಲ್ಪ ಮುನಿಸಿತ್ತು.

ಹಳಬರನ್ನು ಹುಡುಕೋಣ ಅಂತ ನಾನೇ ಕೇಳಿದೆ. ಅಮ್ಮನ ಹತ್ತಿರ ನಂಬರ್ ಇಲ್ಲ. ಯಾವ ಏರಿಯಾ ಅಂತ ಸರಿಯಾಗಿ ಗೊತ್ತಿಲ್ಲ, ಪೈಪ್‌ಲೈನ್ ಹತ್ತಿರ ಎಲ್ಲೋ. ಅವತ್ತು ರಾತ್ರಿ ಆ ಜರ್ಮನ್ ಫಾರಂ ಮತ್ತೆ ತೆಗೆದು, ಅವರದ್ದು ತುಂಬೋದಾಗಿದ್ದರೆ ಏನು ಬರೀತಿದ್ದೆ ಅಂತ ಯೋಚನೆ ಮಾಡಿದೆ. ವಿಳಾಸ ಗೊತ್ತಿಲ್ಲ. ಹುಟ್ಟಿದ ದಿನ ಗೊತ್ತಿಲ್ಲ. ಹೆಸರಿನ ಕಾಲಮಿಗೆ ನಾವು ಕೂಗುತ್ತಿದ್ದ ಹೆಸರೊಂದೇ ಇತ್ತು, ಅದೂ ಅವರದ್ದೇನಾ ಅಂತ ನಾವು ಯಾವತ್ತೂ ಕೇಳಿರಲಿಲ್ಲ.