ಶಾಲೆಯ ತಂಡವೋ, ತರಬೇತಿಯ ಶಿಬಿರವೋ?

1983ರ ಜೂನ್ ತಿಂಗಳು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ವೃತ್ತಿಪರ ಐಸ್ ಹಾಕಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳಲು ಸೇರಿದ್ದವು. ಮೊದಲ ಸರದಿ ಅಮೆರಿಕದ ಮಿನೆಸೋಟ ನಾರ್ತ್ ಸ್ಟಾರ್ಸ್ ತಂಡದ್ದು. ಅದು ಕೂಗಿದ ಹೆಸರು ಬ್ರಯಾನ್ ಲಾಟನ್. ರೋಡ್ ಐಲೆಂಡ್ ರಾಜ್ಯದ ಶಾಲೆಯೊಂದರ ಹುಡುಗ. ಇನ್ನೂ 18 ತುಂಬಿರಲಿಲ್ಲ. ಅಮೆರಿಕದಲ್ಲಿ ಹುಟ್ಟಿದ ಆಟಗಾರ ಮೊದಲಿಗನಾಗಿ ಆಯ್ಕೆಯಾದದ್ದು ಅದೇ ಪ್ರಥಮ. ಹೈಸ್ಕೂಲು ತಂಡದಿಂದ ನೇರವಾಗಿ ಆ ಸ್ಥಾನಕ್ಕೆ ಏರಿದವರು ಆನಂತರ ಯಾರೂ ಇಲ್ಲ.

ಹಾಕಿ ಎಂದೊಡನೆ ನಮಗೆ ನೆನಪಾಗುವುದು ಕೊಡಗಿನ ಮೈದಾನಗಳು. ಇದು ಬೇರೆಯೇ ಆಟ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ, 'ಪಕ್' ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅಟ್ಟುವ ಆಟ. ನ್ಯಾಷನಲ್ ಹಾಕಿ ಲೀಗ್ ಇದರ ದೊಡ್ಡ ಅಖಾಡ. ಅಲ್ಲಿನ ತಂಡಗಳು ಎಳೆಯರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ 'ಡ್ರಾಫ್ಟ್' ಪದ್ಧತಿ 1963ರಲ್ಲಿ ಆರಂಭವಾಯಿತು. ಹಿಂದಿನ ವರ್ಷ ಸೋತು ಹಿಂದೆ ಬಿದ್ದವರಿಗೆ ಮೊದಲ ಸರದಿ. ತಂಡಗಳು ತಮ್ಮ ಸರದಿಯನ್ನು ಕೊಟ್ಟು ತೆಗೆದುಕೊಳ್ಳುವುದೂ ಉಂಟು. ಆಯ್ಕೆಯಾದ ಹುಡುಗ ಮರುದಿನವೇ ಕಣಕ್ಕಿಳಿಯಬೇಕೆಂದಿಲ್ಲ. ಅವನ ಮೇಲಿನ ಹಕ್ಕು ತಂಡದ್ದಾಗುತ್ತದೆ, ಅಷ್ಟೆ. ಆತ ಕಾಲೇಜಿನಲ್ಲಿ ಪಳಗಿ ಬರಬಹುದು.

ಕೆನಡಾದ ಹುಡುಗರ ಹಾದಿ ಮೊದಲಿನಿಂದಲೂ ನೇರ. ಪ್ರತಿಭಾವಂತರು 16ರ ವಯಸ್ಸಿಗೇ ಮನೆ ಬಿಟ್ಟು, ಬೇರೆ ಊರಿನ ಕುಟುಂಬಗಳಲ್ಲಿ ಉಳಿದು ಜೂನಿಯರ್ ಲೀಗ್‌ಗಳಲ್ಲಿ ಆಡುತ್ತಾರೆ. ಅಮೆರಿಕದ ಹುಡುಗರಿಗೆ ಶಾಲೆ, ಬಳಿಕ ಕಾಲೇಜು. ಕೆನಡಾದ ಪ್ರಮುಖ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆ ವೃತ್ತಿಪರರೆಂದೇ ಎಣಿಸಿ ಬಾಗಿಲು ಮುಚ್ಚುತ್ತಿತ್ತು. ಆ ನಿಯಮ ಬದಲಾದದ್ದು 2024ರ ನವೆಂಬರ್‌ನಲ್ಲಿ. ಜಾರಿಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಹದಿನಾರರ ಹುಡುಗ ಗಡಿ ದಾಟುವುದೆಂದರೆ ಕಾಲೇಜು ಆಟದ ಆಸೆ ಬಿಟ್ಟಂತೆಯೇ.

ವೃತ್ತಿಪರ ತಂಡಗಳ ಕಣ್ಣು ಅಮೆರಿಕದ ಶಾಲೆಗಳತ್ತ ಹೊರಳಿಸಿದ್ದು 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್. ಕಾಲೇಜು ಹುಡುಗರೇ ಹೆಚ್ಚಾಗಿದ್ದ ಅಮೆರಿಕ ತಂಡ ಸೋವಿಯತ್ ಒಕ್ಕೂಟವನ್ನು 4–3ರಿಂದ ಸೋಲಿಸಿ, ಮುಂದೆ ಚಿನ್ನ ಗೆದ್ದಿತು. ಮರುವರ್ಷವೇ ಮ್ಯಾಸಚೂಸೆಟ್ಸ್‌ನ ಶಾಲಾ ಬಾಲಕ ಬಾಬ್ಬಿ ಕಾರ್ಪೆಂಟರ್ ಮೂರನೆಯವನಾಗಿ ಆಯ್ಕೆಯಾಗಿ, ಕಾಲೇಜಿನ ಮೆಟ್ಟಿಲು ಹತ್ತದೆ ನೇರವಾಗಿ ಲೀಗ್‌ಗೆ ಇಳಿದ. 1982ರಲ್ಲಿ ಮಿನೆಸೋಟದ ಫಿಲ್ ಹೌಸ್ಲಿಯೂ ಅದೇ ದಾರಿ ಹಿಡಿದ.

ಇಂಥ ಉತ್ಸಾಹದ ನಡುವೆ ಬಂದವನು ಲಾಟನ್. ಆದರೆ ಕೊರಳಿಗೆ ಬಿದ್ದ ನಿರೀಕ್ಷೆಯ ಭಾರ ದೊಡ್ಡದಾಯಿತು. ಲೀಗ್‌ನಲ್ಲಿ ಆತ ಒಟ್ಟು ಆಡಿದ್ದು 483 ಪಂದ್ಯ, ಹೊಡೆದದ್ದು 112 ಗೋಲು. ಅದೇ ದಿನ ನಾಲ್ಕನೆಯವನಾಗಿ ಆಯ್ಕೆಯಾದ, ಕೆನಡಾದ ಜೂನಿಯರ್ ಲೀಗ್‌ನಲ್ಲಿ ಪಳಗಿದ್ದ ಸ್ಟೀವ್ ಐಜರ್‌ಮನ್ ಹೊಡೆದ ಗೋಲುಗಳು 692!

ಶಾಲೆಯ ಆಟ ನಂಬಲರ್ಹವಲ್ಲ ಎನ್ನಲು ಇಷ್ಟು ಸಾಕೇ? ಸಾಲದು. ಅಂದೇ ಐದನೆಯವನಾಗಿ ಬಫಲೋ ತಂಡ ಆರಿಸಿದ ಗೋಲ್‌ಕೀಪರ್ ಟಾಮ್ ಬರಾಸೊ ಕೂಡ ಹೈಸ್ಕೂಲಿನ ಹುಡುಗನೇ. ಆತ ಮೊದಲ ಋತುವಿನಲ್ಲೇ ಅತ್ಯುತ್ತಮ ಹೊಸಬ ಹಾಗೂ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿಗಳೆರಡನ್ನೂ ಗೆದ್ದ.

ಆದರೂ ಕಾಲ ಶಾಲೆಗಳ ಪರವಾಗಿ ಉಳಿಯಲಿಲ್ಲ. ದೇಶದ ಆಯ್ದ ಹುಡುಗರನ್ನು 16ರ ಹೊತ್ತಿಗೆ ಒಂದೆಡೆ ಕಲೆಹಾಕಿ ಎರಡು ವರ್ಷ ಬೆಳೆಸುವ ರಾಷ್ಟ್ರೀಯ ತರಬೇತಿ ಯೋಜನೆಯನ್ನು ಯುಎಸ್‌ಎ ಹಾಕಿ ಸಂಸ್ಥೆ 1996ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಆರಂಭಿಸಿತು. 2019ರಲ್ಲಿ ಮೊದಲಿಗನಾದ ಜ್ಯಾಕ್ ಹ್ಯೂಸ್ ಅಲ್ಲಿಯವನು. ಆ ವರ್ಷ ಮೊದಲ ಸುತ್ತಿನಲ್ಲೇ ಅಲ್ಲಿನ ಎಂಟು ಹುಡುಗರು ಆಯ್ಕೆಯಾದರು. ಮಿನೆಸೋಟದ ಶಾಲೆಗೆ ನಾಕೌಟ್ ಹಂತಕ್ಕೆ ಮುನ್ನ ಸಿಗುವುದು 25 ಪಂದ್ಯ. ಅಮೆರಿಕದ ಅಗ್ರ ಜೂನಿಯರ್ ಲೀಗ್‌ನಲ್ಲಿ ಸುಮಾರು 60.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಶಿಬಿರ ಒಳ್ಳೆಯ ಆಟಗಾರರನ್ನು ತಯಾರಿಸುತ್ತದೆ, ನಿಜ. ಅವರನ್ನು ಮೊದಲೇ ಆರಿಸಿಕೊಂಡಿರುತ್ತದೆ ಎಂಬುದೂ ಅಷ್ಟೇ ನಿಜ. ಹೊಲದ ಗಟ್ಟಿ ಕಾಳನ್ನೆಲ್ಲ ಒಂದೇ ಕಣಜಕ್ಕೆ ತುಂಬಿ, ಫಸಲಿನ ಕೀರ್ತಿಯನ್ನು ಕಣಜಕ್ಕೇ ಕೊಟ್ಟರೆ ಹೇಗೆ? ಹದಿನಾರಕ್ಕೆ ತಡವಾಗಿ ಬೆಳೆಯುವ ಹುಡುಗನೂ ಇರುತ್ತಾನೆ. ಅವನಿಗೆ ಉಳಿಯುವುದು ಊರಿನ ಶಾಲೆಯೇ.

ಮಿನೆಸೋಟದಲ್ಲಿ ಈ ಶಾಲೆಯ ಆಟ ಇಂದಿಗೂ ಬತ್ತಿಲ್ಲ. ಅಲ್ಲಿನ ರಾಜ್ಯಮಟ್ಟದ ಶಾಲಾ ಪಂದ್ಯಾವಳಿ 1945ರಿಂದ ನಡೆದುಬಂದಿದೆ. ಈಡನ್ ಪ್ರೇರಿ ಶಾಲೆಯ ಕೇಸಿ ಮಿಟಲ್‌ಸ್ಟಾಟ್‌ನ ತಂಡ 2016ರ ಫೈನಲ್‌ನಲ್ಲಿ ಸೋತಿತ್ತು. ಜೂನಿಯರ್ ಲೀಗ್‌ನಲ್ಲಿ ಪೂರ್ತಿ ಋತು ಆಡುವ ಅವಕಾಶ ಬಿಟ್ಟು, ಆತ ತನ್ನ ಗೆಳೆಯರ ಜೊತೆ ಇನ್ನೊಂದು ಚಳಿಗಾಲ ಆಡಲು ಶಾಲೆಗೆ ಮರಳಿದ. 2017ರಲ್ಲಿ ತಂಡ ಸೆಮಿಫೈನಲ್‌ನಲ್ಲೇ ಸೋತಿತು. ಬಯಸಿದ ಕಪ್ ಸಿಗಲಿಲ್ಲ. ಆದರೆ ಆ ಬೇಸಿಗೆಯ ಡ್ರಾಫ್ಟ್‌ನಲ್ಲಿ ಬಫಲೋ ಅವನನ್ನು ಎಂಟನೆಯವನಾಗಿ ಆರಿಸಿತು. ಆಗ ಆ ತಂಡದ ಕೋಚ್ ಯಾರು ಗೊತ್ತೇ? 35 ವರ್ಷ ಹಿಂದೆ ಶಾಲೆಯಿಂದ ಅದೇ ತಂಡಕ್ಕೆ ನೇರವಾಗಿ ಬಂದಿದ್ದ ಫಿಲ್ ಹೌಸ್ಲಿ.