ಕ್ರೀಡಾ ರಾಷ್ಟ್ರೀಯತೆ

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕ್ರೀಡಾಪಟು ಯಾವ ದೇಶದ ಪರ ಕಣಕ್ಕಿಳಿಯಬಹುದು ಎಂಬುದನ್ನು ನಿರ್ಧರಿಸುವ ಅರ್ಹತೆ. ಒಲಿಂಪಿಕ್ ಸನ್ನದಿನ ಪ್ರಕಾರ ಇದಕ್ಕೆ ಆ ದೇಶದ ಪೌರತ್ವ ಬೇಕು. ಹಿಂದೆ ಬೇರೆ ದೇಶವನ್ನು ಪ್ರತಿನಿಧಿಸಿದ್ದವರು ಸಾಮಾನ್ಯವಾಗಿ 3 ವರ್ಷ ಕಾಯಬೇಕು. ಸಂಬಂಧಪಟ್ಟ ಸಂಸ್ಥೆಗಳು ಒಪ್ಪಿದರೆ ಈ ಅವಧಿಗೆ ವಿನಾಯಿತಿ ಉಂಟು.

ಪೌರತ್ವವೊಂದೇ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ ಎಂಬುದಕ್ಕೆ ಕೀನ್ಯಾದಲ್ಲಿ ಹುಟ್ಟಿದ ಓಟಗಾರ ಬರ್ನಾರ್ಡ್ ಲಗಾಟ್ ಒಳ್ಳೆಯ ನಿದರ್ಶನ. 2004ರ ಅಥೆನ್ಸ್ ಒಲಿಂಪಿಕ್ಸ್‌ನ 1,500 ಮೀಟರ್ ಓಟದಲ್ಲಿ ಮೊರಾಕೊದ ಹಿಶಾಮ್ ಎಲ್ ಗೆರೂಜ್‌ಗಿಂತ ಬರೀ 0.12 ಸೆಕೆಂಡ್ ಹಿಂದೆ ಬಿದ್ದು ಅವರು ಕೀನ್ಯಾಕ್ಕೆ ಬೆಳ್ಳಿ ತಂದರು. ಅದಕ್ಕೂ ಮೊದಲೇ ಅವರು ಅಮೆರಿಕದ ಪ್ರಜೆಯಾಗಿದ್ದ ಸಂಗತಿ ಬಯಲಾದದ್ದು ಆಮೇಲೆ. 2007ರಲ್ಲಿ ಒಸಾಕಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1,500 ಮತ್ತು 5,000 ಮೀಟರ್ ಎರಡನ್ನೂ ಅಮೆರಿಕದ ಪರ ಗೆದ್ದರು. 

ಒಂದೇ ಮನೆತನದಲ್ಲೂ ಆಯ್ಕೆ ಕವಲೊಡೆಯಬಹುದು. ಬರ್ಲಿನ್‌ನಲ್ಲಿ ಹುಟ್ಟಿದ, ಘಾನಾ ಮೂಲದ ಒಬ್ಬನೇ ತಂದೆಯ ಮಕ್ಕಳಾದ ಜೆರೋಮ್ ಮತ್ತು ಕೆವಿನ್-ಪ್ರಿನ್ಸ್ ಬೋಟೆಂಗ್ 2010ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ, ಘಾನಾ ಪರ ಎದುರುಬದುರಾದರು.

ದೇಶ ತೊರೆಯಬೇಕಾಗಿ ಬಂದವರಿಗೆಂದು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ 10 ಮಂದಿಯ ನಿರಾಶ್ರಿತರ ತಂಡ ಒಲಿಂಪಿಕ್ ಧ್ವಜದಡಿ ಸ್ಪರ್ಧಿಸಿತು.